ಬೋಳಗುಡ್ಡದ ಚಪ್ಪಟೆ ಕಲ್ಲುಗಳು

ಜೋಡಿಸಿಟ್ಟ ಕಲ್ಲು ಎರಡನೇ ಸಲ ಮಾಯವಾದಾಗ ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ನನ್ನ ಗುಣವೇ ಅಂಥದ್ದು. ಮೊದಲು ಸಿಟ್ಟು ಬರುತ್ತದೆ, ಹೆದರಿಕೆ ಆಮೇಲೆ ಪುರಸೊತ್ತಿನಲ್ಲಿ ಬರುತ್ತದೆ. ಹಿಂದಿನ ದಿನ ಮಧ್ಯಾಹ್ನದವರೆಗೆ ಹದಿನಾಲ್ಕು ಹೆಂಗಸರು ಬೆನ್ನು ಬಾಗಿಸಿ, ಬೋಳಗುಡ್ಡ ಹತ್ತುವ ಹೊಸ ದಾರಿಯ ಎರಡೂ ಅಂಚಿಗೆ ಕಲ್ಲು ಕೂಡಿಸಿದ್ದೆವು. ಬುಧವಾರ ಬೆಳಿಗ್ಗೆ ಬಂದು ನೋಡಿದರೆ ಹಲ್ಲು ಬಿದ್ದ ಬಾಯಿಯ ಹಾಗೆ ಸಾಲಿನಲ್ಲಿ ಅಲ್ಲಲ್ಲಿ ಸಂದು. ಗುಂಡು ಕಲ್ಲು, ಮೂಲೆ ಮುರಿದ ಕಲ್ಲು ಎಲ್ಲ ಇದ್ದಲ್ಲೇ ಇದ್ದವು. ಚಪ್ಪಟೆ ಕಲ್ಲುಗಳು ಮಾತ್ರ ಹೋಗಿದ್ದವು.

"ಯಾರಬೇ ಇದು ಮಾಡಿದವರು? ಕೈ ಸೇದಿ ಹೋಗಲಿ ಅವರದು!" ಎಂದು ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿದೆ.

ಗುಡ್ಡಿ ನನ್ನ ಸೆರಗು ಜಗ್ಗಿದಳು. ಹದಿನಾಲ್ಕು ಜನರಲ್ಲಿ ಅವಳೇ ಚಿಕ್ಕವಳು, ಇಪ್ಪತ್ಮೂರು ವರ್ಷದವಳು. "ಒದರಬ್ಯಾಡ ದೊಡ್ಡವ್ವಾ. ಕಲ್ಲು ಎಲ್ಲೂ ಹೋಗಿಲ್ಲ. ಅಲ್ಲಿ ನೋಡು. ನಾವು ಎಲ್ಲಿಂದ ಎತ್ತಿದ್ವೋ ಅಲ್ಲೇ ಹೋಗಿ ಕುಂತಾವ."

ಪಡುವಣ ಇಳಿಜಾರಿಗೆ ಹೋಗಿ ನೋಡಿದೆವು. ಹೌದು. ಪ್ರತಿಯೊಂದು ಕಲ್ಲೂ ತನ್ನ ತನ್ನ ಗುಳಿಯಲ್ಲಿ, ಯಾರೂ ಮುಟ್ಟೇ ಇಲ್ಲ ಎನ್ನುವಷ್ಟು ಸರಿಯಾಗಿ ಕೂತಿತ್ತು. ಮಂಗಳವಾರ ಬೆಳಿಗ್ಗೆಯೂ ಇದೇ ಆಗಿತ್ತು. ಯಾರೋ ಕಿಡಿಗೇಡಿಗಳ ಆಟ ಎಂದು ಬೈದು, ನಾನೇ ಮುಂದೆ ನಿಂತು ಅವೇ ಕಲ್ಲುಗಳನ್ನು ಮತ್ತೆ ಎತ್ತಿಸಿದ್ದೆ. ಈ ಸಲ ಹೆಂಗಸರು ಒಪ್ಪಲಿಲ್ಲ. ಎರಡು ಸಲ ಹೋಗಿ ಬಂದ ಕಲ್ಲನ್ನು ಮುಟ್ಟುವುದಿಲ್ಲ, ಬೇಕಾದರೆ ಪಕ್ಕದ ಬೇರೆ ಕಲ್ಲು ತರುತ್ತೇವೆ ಎಂದರು. ಹಾಗೇ ಆಗಲಿ ಎಂದೆ. ಆದರೆ ಅವತ್ತು ಇಡೀ ದಿನ ಒಬ್ಬರೂ ಹಾಡಲಿಲ್ಲ, ಜಗಳವಾಡಲಿಲ್ಲ. ಜಗಳವಿಲ್ಲದೆ ನಮ್ಮ ಹೆಂಗಸರು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಹೆಸರು ಸಾವಿತ್ರಿಬಾಯಿ. ಸಗರದಿಂದ ಹೊಲದ ದಾರಿ ಹಿಡಿದರೆ ಅರ್ಧ ತಾಸಿಗೆ ಸಿಗುವ ಸಣ್ಣ ಊರು ನಮ್ಮದು. ಊರಿನ ಬೆನ್ನಿಗೇ ಬೋಳಗುಡ್ಡ. ಉದ್ಯೋಗ ಖಾತ್ರಿ ಕೆಲಸದಲ್ಲಿ ಹಾಜರಿ ಹಾಕುವವಳು, ಕೆಲಸ ಹಂಚುವವಳು, ಬೈಸಿಕೊಳ್ಳುವವಳು ಎಲ್ಲ ನಾನೇ. ಮೂರು ವರ್ಷದ ಹಿಂದೆ ಜಲ್ಲಿ ಕ್ರಷರಿನವರು ಈ ಗುಡ್ಡದ ಬಂಡೆಗಳಿಗೆ ಕೆಂಪು ಬಣ್ಣದಲ್ಲಿ ಗುರುತು ಬಳಿದು ಹೋಗಿದ್ದರು. ಆಚೆ ಊರಿನ ಗುಡ್ಡವನ್ನು ಅವರು ಅದಾಗಲೇ ಅರ್ಧ ತಿಂದಿದ್ದರು. ಮದ್ದು ಸಿಡಿದಾಗ ನಮ್ಮ ಮನೆಯ ಬೋಗುಣಿಗಳು ನೆಲುವಿನಲ್ಲಿ ಅಲುಗುತ್ತಿದ್ದವು.

ಅಷ್ಟರಲ್ಲಿ ಈ ಯೋಜನೆ ಬಂತು. ಇದ್ದ ಗುಡ್ಡವನ್ನು ಗುಡ್ಡವಾಗಿಯೇ ಉಳಿಸುವುದಕ್ಕೆ ಸರಕಾರ ದುಡ್ಡು ಕೊಡುತ್ತದೆ ಎಂದಾಗ ನಮ್ಮ ಕೇರಿಯವರು ಬಿದ್ದು ಬಿದ್ದು ನಕ್ಕರು. "ಏನೂ ಕಟ್ಟಲಾರದ, ಏನೂ ಒಡಿಲಾರದ ಸುಮ್ಮ ಕುಂತರೂ ರೊಕ್ಕ ಕೊಡತಾರೇನ್ರಿ ಸಾಹೇಬ್ರ?" ಎಂದು ನಾನೇ ಕೇಳಿದ್ದೆ. ಯೋಜನೆಯ ಸಾಹೇಬ ವಿಶ್ವರಾಧ್ಯ ಅಬ್ಬೆತುಮಕೂರಿನ ಕಡೆಯವನು, ಮೆತ್ತಗಿನ ಮನುಷ್ಯ. ಅವನು ಕೂತು ಬಿಡಿಸಿ ಹೇಳಿದ. ಗಿಡ ಕಡಿಯುವಂತಿಲ್ಲ, ಕಲ್ಲು ಒಡೆಯುವಂತಿಲ್ಲ. ಮೇಲಿನವರೆಗೆ ಕಾಲುದಾರಿ, ನಡುನಡುವೆ ಕೂರಲು ಕಟ್ಟೆ, ಕೆಳಗೆ ಮಕ್ಕಳು ಆಡುವ ಜಾಗ. ರವಿವಾರ ಶಹಾಪುರ, ಯಾದಗಿರಿಯ ಜನ ಮನೆಮಂದಿ ಕಟ್ಟಿಕೊಂಡು ಗಾಳಿ ತಿನ್ನಲು ಬರುತ್ತಾರೆ. ಕಾಡುಪ್ರಾಣಿ ಮರಿ ಹಾಕುವ ಜಾಗವೇನಾದರೂ ಇದ್ದರೆ ಅದಕ್ಕೆ ಮೊದಲು ತಂತಿ ಬೇಲಿ, ಅಲ್ಲಿ ಮನುಷ್ಯರು ಕಾಲಿಡುವಂತಿಲ್ಲ. ಮಾರ್ಚ್ ತಿಂಗಳೊಳಗೆ ಎಲ್ಲ ಮಂಜೂರಾಗದಿದ್ದರೆ ದುಡ್ಡು ಹಿಂದಕ್ಕೆ ಹೋಗುತ್ತದೆ, ಕ್ರಷರಿನವರ ಅರ್ಜಿ ಇನ್ನೂ ಜೀವಂತ ಇದೆ ಎಂದೂ ಹೇಳಿದ. ಆ ಕೊನೆಯ ಮಾತು ಕೇಳಿ ನಾವು ನಗುವುದನ್ನು ನಿಲ್ಲಿಸಿದೆವು.

ಬೇರೆಯವರಿಗೆ ಗುಡ್ಡ ಉಳಿದರೆ ಕೂಲಿ ಸಿಗುತ್ತದೆ, ದನ ಕಟ್ಟಲು ನೆರಳು ಉಳಿಯುತ್ತದೆ. ನನಗೆ ಬೇರೆ ಕಾರಣ ಇತ್ತು. ಇಪ್ಪತ್ತಾರು ವರ್ಷದ ಹಿಂದೆ ನನ್ನ ಚೊಚ್ಚಲ ಮಗಳು ಹನ್ನೊಂದು ದಿನ ಬದುಕಿ ಹೋದಳು. ನಮ್ಮ ಕೇರಿಯಲ್ಲಿ ಹಸುಗೂಸು ಹೋದರೆ ಗುಡ್ಡಕ್ಕೆ ಕೊಡುತ್ತಾರೆ. ಒಬ್ಬನೇ ಒಬ್ಬ ಗಂಡಸು ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ಹೋಗಿ ಮಣ್ಣು ಕೊಟ್ಟು ಬರುತ್ತಾನೆ. ಹಿಂದೆ ಯಾರೂ ಹೋಗುವಂತಿಲ್ಲ, ಅಪ್ಪನೂ ಕೂಡ. ಬಂದ ಮೇಲೆ ಅವನು ಎಲ್ಲಿ ಎಂದು ಬಾಯಿ ಬಿಡುವಂತಿಲ್ಲ, ಮುಖ್ಯವಾಗಿ ತಾಯಿಗೆ. ಹೇಳಿದರೆ ಮುಂದೆ ಹುಟ್ಟುವ ಕೂಸಿಗೆ ಕೇಡು ಎನ್ನುತ್ತಾರೆ. ನಲವತ್ತು ವರ್ಷದಿಂದ ಆ ಕೆಲಸ ಅಂಬ್ರಪ್ಪ ಮುತ್ಯಾನದು.

ಬೋಳಗುಡ್ಡ ಸಣ್ಣದೇನಲ್ಲ. ಸುತ್ತಿ ಬರಲು ಎರಡು ತಾಸು ಬೇಕು. ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಗುಡ್ಡ ನೋಡಿದ್ದೇನೆ. ಯಾವ ಮಗ್ಗುಲಿಗೆ ನೋಡಬೇಕು ಎಂದು ಗೊತ್ತಿಲ್ಲದೆ ಇಡೀ ಗುಡ್ಡವನ್ನೇ ನೋಡಿದ್ದೇನೆ. ಆಮೇಲೆ ಮಗ ಹುಟ್ಟಿದ, ಬುದ್ಧಪ್ರಿಯ. ಈಗ ಸುರಪುರದಲ್ಲಿ ಸಾಲಿ ಮಾಸ್ತರ. ದೆವ್ವ ಪಿಶಾಚಿ ಎಲ್ಲ ಸುಳ್ಳು ಎಂದು ಮಕ್ಕಳಿಗೆ ಕಲಿಸುತ್ತಾನೆ, ನನಗೂ ಕಲಿಸುತ್ತಾನೆ. ನಾನು ಹೂಂ ಎನ್ನುತ್ತೇನೆ. ಆದರೂ ಸತ್ತ ಮಗಳು ಎಲ್ಲಿದ್ದಾಳೆ ಎಂದು ಕೇಳುವುದು ದೆವ್ವ ನಂಬಿದ ಹಾಗೆ ಹೇಗಾಗುತ್ತದೆ?

ಗುರುವಾರ ಮತ್ತೆ ಕಲ್ಲು ಹೋದವು. ಅವತ್ತೇ ವಿಶ್ವರಾಧ್ಯ ಸಾಹೇಬ ಬಂದು ಪಡುವಣ ಇಳಿಜಾರಿನ ನಾಲ್ಕೂ ಮೂಲೆಗೆ ಕೆಂಪು ಬಟ್ಟೆ ಕಟ್ಟಿದ ಗೂಟ ಹೊಡೆಸಿದ. ಮಕ್ಕಳ ಆಟದ ಜಾಗ ಅಲ್ಲೇ ಅಂತೆ. ಇಡೀ ಗುಡ್ಡದಲ್ಲಿ ಗುದ್ದಲಿ ಇಳಿಯುವಷ್ಟು ಮಣ್ಣು ಇರುವುದು ಅದೊಂದೇ ಕಡೆ. ಬರುವ ಮಂಗಳವಾರ ಯಾದಗಿರಿಯಿಂದ ದೊಡ್ಡ ಸಾಹೇಬರು ಬಂದು ನೋಡುತ್ತಾರೆ. ಗುಡಿ, ಗೋರಿ, ಮನೆ ಏನೂ ಇಲ್ಲ, ಜಾಗ ಖಾಲಿ ಎಂದು ಊರಿನವರು ಸಹಿ ಹಾಕಬೇಕು, ಅದರಲ್ಲಿ ನನ್ನದೂ ಒಂದು. ಬುಧವಾರ ಜೆಸಿಬಿ ಬರುತ್ತದೆ.

ಸಂಜೆ ಇಳಿಯುವಾಗ ಅಳುವ ದನಿ ಕೇಳಿತು. ಸಣ್ಣದು, ಎಳೆಯದು, ತಡೆದು ತಡೆದು ಬರುವಂಥದ್ದು. ಗುಡ್ಡಿ ನಿಂತಲ್ಲೇ ನಿಂತು ಎರಡೂ ಕೈಯನ್ನು ಎದೆಗೆ ಒತ್ತಿಕೊಂಡಳು.

"ನವಿಲಬೇ ಅದು," ಎಂದೆ. "ನಡೀರಿ, ನಡೀರಿ."

"ನವಿಲು ಹಿಂಗ ಅಳತಾವೇನು ದೊಡ್ಡವ್ವಾ?"

"ನಿನ್ನ ಬಾಯಾಗ ಮಣ್ಣು ಹಾಕ. ನವಿಲಂದ್ರ ನವಿಲು!"

ಗುಡ್ಡಿಯ ಗಂಡುಕೂಸು ಹೋಗಿ ಆಗ ಇನ್ನೂ ಎರಡು ತಿಂಗಳಾಗಿರಲಿಲ್ಲ. ಅವಳ ರವಿಕೆ ಒದ್ದೆಯಾಗಿದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಮುಂದೆ ನಡೆದೆ.

ರಾತ್ರಿ ಯೋಚನೆ ಮಾಡಿದೆ. ಇದು ಕ್ರಷರಿನವರ ಕಿತಾಪತಿಯೇ ಇರಬೇಕು. ಹೆಂಗಸರನ್ನು ಹೆದರಿಸಿ ಕೆಲಸ ಬಿಡಿಸಿದರೆ ಯೋಜನೆ ನಿಲ್ಲುತ್ತದೆ, ಗುಡ್ಡ ಅವರ ಕೈಗೆ ಸಿಗುತ್ತದೆ. ಹಿಡಿದು ಚಪ್ಪಲಿಯಿಂದ ಬಾರಿಸಬೇಕು ಎಂದುಕೊಂಡು ಶುಕ್ರವಾರ ಮೂಡಣ ಕೆಂಪಾಗುವ ಮೊದಲೇ ಒಬ್ಬಳೇ ಗುಡ್ಡಕ್ಕೆ ಹೋದೆ.

ಇಳಿಜಾರಿನಲ್ಲಿ ಒಂದು ಆಕೃತಿ ಬಾಗಿ ಬಾಗಿ ಏಳುತ್ತಿತ್ತು. ಹೆಗಲ ಮೇಲೆ ಟವೆಲಿನ ಜೋಳಿಗೆ, ಅದರಲ್ಲಿ ಒಂದು ಕಲ್ಲು. ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಉಸಿರು ತೆಗೆದುಕೊಳ್ಳುವುದು, ಮತ್ತೆ ಎರಡು ಹೆಜ್ಜೆ. ಕಾಲಲ್ಲಿದ್ದ ಚಪ್ಪಲಿ ನನ್ನ ಕೈಗೆ ಬಂದಿತ್ತು. ಹತ್ತಿರ ಹೋದ ಮೇಲೆ ಕೈ ತಾನಾಗಿ ಕೆಳಗಿಳಿಯಿತು.

"ಮುತ್ಯಾ?"

ಅಂಬ್ರಪ್ಪ ಮುತ್ಯಾನಿಗೆ ಎಂಬತ್ತರ ಹತ್ತಿರ. ಒಂದು ಕಣ್ಣಿಗೆ ಪೊರೆ ಬಂದಿದೆ. ಅವನು ಬೆಚ್ಚಲಿಲ್ಲ. ಕಲ್ಲನ್ನು ಗುಳಿಯಲ್ಲಿ ಇಟ್ಟು, ಸುತ್ತಲಿನ ಮಣ್ಣನ್ನು ಅಂಗೈಯಿಂದ ಒತ್ತಿ, ಆಮೇಲೆ ನನ್ನ ಕಡೆ ತಿರುಗಿದ.

"ಬಂದೇನು ಯವ್ವಾ. ಬರತೀ ಅಂತ ಗೊತ್ತಿತ್ತು."

ನಾನು ಆ ಕಲ್ಲು ನೋಡಿದೆ. ಅದರ ಪಕ್ಕದ ಕಲ್ಲು ನೋಡಿದೆ. ಆಮೇಲೆ ಇಡೀ ಇಳಿಜಾರು ನೋಡಿದೆ. ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆಯ ಚಪ್ಪಟೆ ಕಲ್ಲುಗಳು, ಮೊಳ ಉದ್ದದವು, ಒಂದಕ್ಕೊಂದು ಎರಡು ಮಾರು ದೂರ. ಹೂತ ಮಣ್ಣನ್ನು ನರಿ ಕೆದರಬಾರದು ಎಂದು ಮೇಲೆ ಇಟ್ಟವು. ಹೆದರಿಕೆ ಆಮೇಲೆ ಬರುತ್ತದೆ ಎಂದೆನಲ್ಲ, ಆಗ ಬಂತು.

"ಇಲ್ಲೇನು ಮುತ್ಯಾ? ಎಲ್ಲಾ ಇಲ್ಲೇನು?"

ಅವನು ಕಲ್ಲಿನ ಮೇಲಿನ ಮಣ್ಣನ್ನು ಟವೆಲಿನಿಂದ ಒರೆಸಿದ.

"ನಂದು ಯಾವದು?"

"ತಾಯಿಗಿ ತೋರಿಸಬಾರದು ಸಾವಿತ್ರಿ."

"ನನಗ ಐವತ್ತು ಹತ್ರ ಬಂತು! ಮುಟ್ಟು ನಿಂತು ವರ್ಷಾತು. ಇನ್ನ ಯಾರಿಗಿ ಏನ ಆಗತೈತಿ? ಇಪ್ಪತ್ತಾರು ವರ್ಷ ನನ್ನ ಹೊಟ್ಟಿ ಉರಿಸೀದಿ ಮುದುಕಾ, ಇನ್ನೂ ಸಾಕಾಗಿಲ್ಲೇನು ನಿನಗ?" ಕೂಗುತ್ತಿದ್ದೆ, ಅಳುತ್ತಿದ್ದೆ, ಎರಡೂ ಒಟ್ಟಿಗೇ ಆಗುತ್ತಿತ್ತು. "ಆ ಗೂಟ ಕಾಣತಾವಿಲ್ಲೋ? ಬುಧವಾರ ಮಶೀನು ಬರತೈತಿ. ಮೊಳಕಾಲ ಮಟ ಅಗದು ಸಪಾಟು ಮಾಡತಾರ, ಉಸುಕು ಹಾಕತಾರ. ಮ್ಯಾಲ ಹುಡುಗ್ರು ಜೋಕಾಲಿ ಆಡತಾವ. ಆಮ್ಯಾಲ ಯಾರಿಗಿ ತೋರಿಸ್ತಿ?"

ಮುತ್ಯಾ ನೆಲಕ್ಕೆ ಕೂತ. ಮಶೀನಿನ ಸುದ್ದಿ ಅವನಿಗೆ ಗೊತ್ತಿರಲಿಲ್ಲ.

"ಮೊದಲನೇದು ನಂದ," ಎಂದ. "ನನ್ನ ಮಗ. ಕರೆಮ್ಮ ಮೂರು ದಿನ ಅನ್ನ ಮುಟ್ಟಲಿಲ್ಲ, ಎಲ್ಲೈತಿ ಹೇಳು ಹೇಳು ಅಂದ್ಲು. ಹೆಂಡ್ತಿ ಅಲ್ಲೇನು, ಕರುಳು ಚುರ್ ಅಂತು, ಹೇಳಿದೆ. ಮರುದಿನ ಬೆಳಿಗ್ಗೆ ಹಾಸಿಗಿ ಖಾಲಿ. ಓಡಿ ಬಂದು ನೋಡಿದ್ರ ಮೊಣಕೈ ಮಟ ಮಣ್ಣು. ಕೂಸಿನ ತಗದು ತೊಡಿ ಮ್ಯಾಲ ಹಾಕ್ಕೊಂಡು ಹಾಲು ಕುಡಸಾಕತ್ತಿದ್ಲು. ನನ್ನ ನೋಡಿ ಸುಮ್ಮನಿರು, ನಿದ್ದಿ ಹತ್ತೈತಿ ಅಂದ್ಲು." ಅವನು ಟವೆಲಿನಿಂದ ಬಾಯಿ ಒರೆಸಿಕೊಂಡ. "ಮತ್ತ ಮಣ್ಣು ಕೊಟ್ಟೆ. ಆಕಿ ಆಮ್ಯಾಲ ಸರಿಯಾಗಲೇ ಇಲ್ಲ. ಅವತ್ತ ಆಣಿ ಮಾಡೀನಿ, ಎದಿಯಾಗ ಹಾಲಿದ್ದಾಕಿಗಿ ಜಾಗ ತೋರಿಸಂಗಿಲ್ಲ ಅಂತ."

ಕರೆಮ್ಮಾಯಿಯನ್ನು ನಾನು ನೋಡಿದ್ದೇನೆ. ಬಾಗಿಲಲ್ಲಿ ಕೂತು ಖಾಲಿ ತೊಡೆಯನ್ನು ಅಲುಗಿಸುತ್ತಿದ್ದ ಹೆಂಗಸು. ನಾವು ಹುಡುಗಿಯರು ಹುಚ್ಚಿ ಎಂದು ನಗುತ್ತಿದ್ದೆವು.

ಬೆಳಕು ಹರಿಯಿತು. ಮುತ್ಯಾ ನನ್ನ ಹೆಗಲು ಹಿಡಿದು ಎದ್ದ. ಕಾಲು ಹೋಗಿವೆ, ಕಣ್ಣು ಹೋಗುತ್ತಿದೆ, ಒಬ್ಬರಿಗಾದರೂ ಗೊತ್ತಿರಬೇಕು ಎಂದ. ಒಂದೊಂದೇ ಕಲ್ಲಿನ ಮುಂದೆ ನಿಂತು ತಾಯಿಯ ಹೆಸರು ಹೇಳುತ್ತಾ ಹೋದ. ಕೆಲವರು ಸತ್ತಿದ್ದಾರೆ. ಕೆಲವರು ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ನನ್ನ ಹಾಜರಿಯ ಹದಿನಾಲ್ಕು ಜನರಲ್ಲಿ ಆರು ಜನರ ಹೆಸರು ಬಂತು. ಅಂಚಿನಲ್ಲಿದ್ದ ಸಣ್ಣ ಕಲ್ಲು ಗುಡ್ಡಿಯದು. ಅದರ ಮಣ್ಣು ಇನ್ನೂ ಕೂತಿರಲಿಲ್ಲ. ಒಟ್ಟು ಮೂವತ್ತೊಂದು.

ನನ್ನದು ಇಳಿಜಾರಿನ ಒಳಮಗ್ಗುಲಿಗೆ, ದೊಡ್ಡ ಬಂಡೆಯ ಬುಡದಲ್ಲಿ ಇತ್ತು. ಬಿಳಿ ಗೆರೆಯ ಕಲ್ಲು. ನೋಡಿದ ಕೂಡಲೇ ಗುರುತು ಸಿಕ್ಕಿತು. ಸೋಮವಾರ ಕೆಲಸ ಶುರುವಾದಾಗ ಯಾರಾದರೂ ಮೊದಲ ಕಲ್ಲು ತರಬೇಕಲ್ಲ ಎಂದು ನಾನೇ ಹೋಗಿ, ಚಂದ ಇದೆ ಎಂದು ಆರಿಸಿ, ಟೊಂಕದ ಮೇಲೆ ಇಟ್ಟುಕೊಂಡು ಬಂದಿದ್ದೆ. ದಾರಿಯ ಬಾಯಿಗೆ ಇಟ್ಟು, ಗಟ್ಟಿ ಕೂರಲಿ ಎಂದು ಮೇಲೆ ಹತ್ತಿ ತುಳಿದಿದ್ದೆ. ಎರಡು ಸಲ ತುಳಿದಿದ್ದೆ. ಹೆತ್ತವಳಿಗೆ ಗೊತ್ತಿರಬಾರದು ಎಂಬ ಪದ್ಧತಿ ನನ್ನ ಕೈಯಿಂದಲೇ ಇದನ್ನು ಮಾಡಿಸಿತು.

ಕಲ್ಲಿನ ಮೇಲೆ ಹಣೆ ಇಟ್ಟು ಎಷ್ಟು ಹೊತ್ತು ಇದ್ದೆನೋ. ಏಳುವಾಗ ಹೇಳಿದೆ, "ನೀ ಇದನ್ನ ಹೊತ್ತು ತಂದು ಮತ್ತ ಇಟ್ಟಿ ಮುತ್ಯಾ. ನಿನ್ನ ಋಣ ಎಂದ ತೀರಸಲಿ?"

"ನಾ ಇಟ್ಟಿಲ್ಲ," ಎಂದ ಅವನು.

"ಅಂದ್ರ?"

"ನಾ ಭೀಮರಾಯನಗುಡಿಯಾಗ ಮಗಳ ಮನ್ಯಾಗ ಇದ್ದೆ. ಬುಧವಾರ ಸಂಜಿಗಿ ಊರಿಗಿ ಬಂದೆ, ಸುದ್ದಿ ಕೇಳಿದೆ. ಗುರುವಾರದಿಂದ ಹೊರಾಕತ್ತೀನಿ. ನಾ ಬರೂದರಾಗ ನಿನ್ನ ಮಗಳ ಕಲ್ಲು ಜಾಗಕ್ಕ ಬಂದು ಕುಂತಿತ್ತು."

ಮಂಗಳವಾರ, ಬುಧವಾರ ಆ ಕಲ್ಲುಗಳನ್ನು ಯಾರು ತಂದರು ಎಂದು ನಾನು ಇವತ್ತಿನವರೆಗೆ ಯಾರನ್ನೂ ಕೇಳಿಲ್ಲ. ಮಗನನ್ನೂ ಕೇಳಿಲ್ಲ. ಕೇಳಿದರೆ ಅವನು ಏನೋ ಒಂದು ಕಾರಣ ಹೇಳುತ್ತಾನೆ.

ನಾಲ್ಕು ದಿನ ಉಳಿದಿತ್ತು. ಶನಿವಾರ ಶಹಾಪುರಕ್ಕೆ ಹೋಗಿ ವಿಶ್ವರಾಧ್ಯ ಸಾಹೇಬನನ್ನು ಕಂಡು, ಆಟದ ಜಾಗ ಬೇರೆ ಕಡೆ ಹಾಕಿ ಎಂದೆ. ನಕ್ಷೆ ಬೆಂಗಳೂರಿನಲ್ಲಿ ಪಾಸಾಗಿದೆ, ಬದಲಿಸಲು ಬರವಣಿಗೆಯಲ್ಲಿ ಕಾರಣ ಬೇಕು ಎಂದ. "ಹಳೆ ಗೋರಿ ಗೀರಿ ಇದ್ರ?" ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ. "ಹಂಗಿದ್ರ ಜಾಗಾ ಸ್ಮಶಾನದ ಖಾತೆಗೆ ಹೋಗತೈತಿ ಬಾಯಾರ. ಈ ದುಡ್ಡು ಇಡೀ ಗುಡ್ಡಕ್ಕ ಸಿಗಂಗಿಲ್ಲ," ಎಂದ. ಗೋರಿ ಇದೆ ಎಂದರೆ ದುಡ್ಡು ಹೋಗಿ ಕ್ರಷರಿನವರು ಬರುತ್ತಾರೆ, ಮಕ್ಕಳು ಮದ್ದಿಗೆ ಸಿಡಿಯುತ್ತಾರೆ. ಇಲ್ಲ ಎಂದರೆ ಜೆಸಿಬಿ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ತಲೆ ಚಚ್ಚಿಕೊಂಡೆ. ಎದುರಿಗೆ ಇನಾಯತನ ಮಟನ್ ಅಂಗಡಿ ಕಾಣುತ್ತಿತ್ತು. ನೋಡುತ್ತಾ ನೋಡುತ್ತಾ, ಮರಿ ಹಾಕುವ ಜಾಗಕ್ಕೆ ಮನುಷ್ಯರು ಕಾಲಿಡುವಂತಿಲ್ಲ ಎಂದು ಅದೇ ಸಾಹೇಬ ಹೇಳಿದ್ದು ನೆನಪಾಯಿತು. ಎದ್ದು ಹೋಗಿ ಒಂದು ಚೀಲ ಎಲುಬು ಕೇಳಿ ಇಸಕೊಂಡೆ. "ನಾಯಿ ಸಾಕೀರೇನು ಆಪಾ?" ಎಂದ ಇನಾಯತ. "ಹೂಂ, ಬಾಳ ಅದಾವ," ಎಂದೆ.

ಮಂಗಳವಾರ ಸಾಹೇಬರು ಬಂದರು. ಯಾದಗಿರಿಯವರು ಇಬ್ಬರು, ಜೊತೆಗೆ ವಿಶ್ವರಾಧ್ಯ. ಜಾಗ ಖಾಲಿ ಇದೆಯೇ ಎಂದು ಕಾಗದ ಮುಂದೆ ಹಿಡಿದರು.

"ಗುಡಿ ಇಲ್ರಿ, ಗೋರಿ ಇಲ್ರಿ, ಮನಿ ಇಲ್ರಿ," ಎಂದು ಸಹಿ ಹಾಕಿದೆ. "ಆದ್ರ ಖಾಲೀನೂ ಇಲ್ರಿ ಸಾಹೇಬ್ರ. ಇಲ್ಲಿ ತೋಳ ಮರಿ ಹಾಕ್ಯಾವ."

ಯಾದಗಿರಿಯವರು ಒಂದು ಹೆಜ್ಜೆ ಹಿಂದೆ ಸರಿದರು. ತೋಳ ಎಂದರೆ ನಮ್ಮ ಕಡೆ ಇಲ್ಲವೇ ಇಲ್ಲ ಎನ್ನುವಂಥದ್ದಲ್ಲ. ಕುರಿಗಾರರು ಆಗಾಗ ನೋಡುತ್ತಾರೆ. ವಿಶ್ವರಾಧ್ಯ ಒಬ್ಬನೇ ನನ್ನ ಹಿಂದೆ ಒಳಗೆ ಬಂದ. ದೊಡ್ಡ ಬಂಡೆಯ ಕೆಳಗಿನ ಪೊಟರೆ ತೋರಿಸಿದೆ. ಎಲುಬುಗಳನ್ನು ಅಲ್ಲೇ ಚೆಲ್ಲಿದ್ದೆ, ಮಣ್ಣು ಕೆದರಿದ್ದೆ. ಅವನು ಕುಕ್ಕರಗಾಲಿನಲ್ಲಿ ಕೂತು ಒಂದು ಎಲುಬು ಎತ್ತಿಕೊಂಡ, ತಿರುವಿ ತಿರುವಿ ನೋಡಿದ. ಅದರ ತುದಿ ಕತ್ತಿ ಏಟಿಗೆ ಬೆಣ್ಣೆ ಕೊಯ್ದಷ್ಟು ಸಾಫಾಗಿ ತುಂಡಾಗಿತ್ತು. ಅಯ್ಯೋ, ಹುಚ್ಚಿ, ಅದನ್ನು ನಾನು ನೋಡಿಯೇ ಇರಲಿಲ್ಲ!

"ತೋಳ ಕತ್ತಿ ಹಿಡದು ಕೊಯ್ಯತಾವೇನಬೇ?" ಎಂದ, ಹೊರಗಿನವರಿಗೆ ಕೇಳಿಸದ ಹಾಗೆ.

ಅವನು ತಲೆ ಎತ್ತಿದ. ಎದುರಿಗಿದ್ದ ಚಪ್ಪಟೆ ಕಲ್ಲು ನೋಡಿದ, ಅದರ ಪಕ್ಕದ್ದು, ಅದರ ಪಕ್ಕದ್ದು. ಅವುಗಳ ನಡುವಿನ ಅಂತರ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಎಲುಬನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ಎಷ್ಟು ಅದಾವ?"

"ಮೂವತ್ತೊಂದು," ಎಂದುಬಿಟ್ಟೆ.

"ತೋಳ ಒಮ್ಮಿಗೆ ಅಷ್ಟು ಹಾಕಂಗಿಲ್ಲವ್ವಾ," ಎಂದು ಮೆತ್ತಗೆ ಹೇಳಿ, ಕಾಗದದಲ್ಲಿ ನಾಲ್ಕು ಎಂದು ಬರೆದುಕೊಂಡ. ಹೊರಗೆ ಹೋಗುವಾಗ ಒಂದೊಂದು ಹೆಜ್ಜೆಯನ್ನೂ ನೋಡಿ ನೋಡಿ, ಕಲ್ಲು ತಪ್ಪಿಸಿ ಇಟ್ಟ. "ಮರಿ ಖರೇನ ಅದಾವ್ರಿ ಸರ್, ನಾ ನೋಡಿದೆ," ಎಂದು ಯಾದಗಿರಿಯವರಿಗೆ ಹೇಳಿದ.

ಮಾರ್ಚ್ ಕೊನೆಗೆ ಪಡುವಣ ಇಳಿಜಾರಿನ ಸುತ್ತ ತಂತಿ ಬೇಲಿ ಬಂತು. ಮಕ್ಕಳ ಆಟದ ಜಾಗ ಕೈಬಿಟ್ಟರು. ಬೋರ್ಡು ಹಾಕಿದರು. "ತೋಳ ಮರಿ ಹಾಕುವ ಸ್ಥಳ. ಒಳಗೆ ಹೋಗಬಾರದು. ಸದ್ದು ಮಾಡಬಾರದು." ಈಗ ರವಿವಾರ ಬಂತೆಂದರೆ ಶಹಾಪುರದಿಂದ, ಭೀಮರಾಯನಗುಡಿಯಿಂದ, ಸುರಪುರದಿಂದ ಮೋಟರ್ ಸೈಕಲ್ ಸಾಲು. ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಗುಡ್ಡ ಹತ್ತುತ್ತಾರೆ, ಮೇಲೆ ನಿಂತು ಫೋಟೋ ಹೊಡೆಯುತ್ತಾರೆ. ಬೋರ್ಡಿನ ಹತ್ತಿರ ಬಂದಾಗ ತಾಯಂದಿರು ತುಟಿಯ ಮೇಲೆ ಬೆರಳಿಡುತ್ತಾರೆ. ಮಕ್ಕಳು ತುದಿಗಾಲಿನಲ್ಲಿ ದಾಟುತ್ತಾರೆ. ನನಗೂ ಒಳಗೆ ಹೋಗುವ ಹಾಗಿಲ್ಲ. ಕಾವಲಿಗೆ ಇಟ್ಟವನು ನಿಯಮದ ಮನುಷ್ಯ, ಬೇಡಿದರೂ ಬಿಡುವುದಿಲ್ಲ. ಇಪ್ಪತ್ತಾರು ವರ್ಷಕ್ಕೆ ಒಂದು ಬೆಳಗು ಮಗಳನ್ನು ಮುಟ್ಟಿದೆ, ಅಷ್ಟೇ. ಆದರೂ ತಂತಿಯ ಹೊರಗೆ ನಿಂತರೆ ಬಿಳಿ ಗೆರೆ ಕಾಣುತ್ತಿತ್ತು. ದಿನಾ ಸಂಜೆ ಹೋಗಿ ನಿಲ್ಲುತ್ತಿದ್ದೆ. ನನಗೆ ಅಷ್ಟು ಸಾಕಾಗಿತ್ತು.

ಅಂಬ್ರಪ್ಪ ಮುತ್ಯಾ ಏಪ್ರಿಲಿನಲ್ಲಿ ತೀರಿಕೊಂಡ. ಮೂವತ್ತೊಂದರಲ್ಲಿ ಯಾವ ಕಲ್ಲು ಯಾರದು ಎಂದು ಗೊತ್ತಿರುವವಳು ಈಗ ನಾನೊಬ್ಬಳೇ.

ಅವನ ಮಣ್ಣು ಮುಗಿದ ಮೂರನೇ ದಿನ ಸಂಜೆ ತಂತಿಯ ಹತ್ತಿರ ನಿಂತಿದ್ದಾಗ ಹಿಂದೆ ಗುಡ್ಡಿ ಬಂದಳು. ಕಣ್ಣು ಗುಳಿ ಬಿದ್ದಿದ್ದವು. ರವಿಕೆಯ ಒಳಗೆ ಇನ್ನೂ ಬಟ್ಟೆ ಒತ್ತಿಕೊಂಡಿದ್ದಳು. ನಾಲ್ಕು ತಿಂಗಳಾಗುತ್ತಾ ಬಂದಿತ್ತು, ಹಾಲು ಬತ್ತಿರಲಿಲ್ಲ.

"ತೋಳ ಇಲ್ಲ ಅಂತ ನನಗ ಗೊತ್ತೈತಿ ದೊಡ್ಡವ್ವಾ."

"ಯಾರು ಹೇಳಿದ್ರು?"

"ತೋಳ ಇದ್ರ ನೀ ಇಷ್ಟು ಹೊತ್ತು ಇಲ್ಲಿ ನಿಂದರತಿದ್ದೇನು?" ಅವಳು ನನ್ನ ಎರಡೂ ಕೈ ಹಿಡಿದಳು. "ಮುತ್ಯಾ ನಿನಗ ಹೇಳ್ಯಾನ. ನಿನ್ನ ಕಾಲು ಬೀಳತೇನಿ, ನನ್ನ ಕೂಸು ಎಲ್ಲೈತಿ ಅಷ್ಟು ಹೇಳು. ರಾತ್ರಿ ಕರದಂಗ ಆಗತೈತಿ. ಯಾವ ಕಡಿ ಮಕ ಮಾಡಿ ಓ ಅನಬೇಕು ಗೊತ್ತಾಗವಲ್ದು."

ಅವಳ ಕೂಸು ಅವಳ ಕಾಲಿನಿಂದ ಎರಡು ಗೇಣು ದೂರದಲ್ಲಿತ್ತು. ತಂತಿಯ ಸಂದಿಯಲ್ಲಿ ಕೈ ಹಾಕಿದರೆ ಆ ಸಣ್ಣ ಕಲ್ಲು ಸಿಗುತ್ತಿತ್ತು. ಅವಳ ಉಗುರು ನೋಡಿದೆ. ಕರೆಮ್ಮಾಯಿಯ ಖಾಲಿ ತೊಡೆ ಕಣ್ಣ ಮುಂದೆ ಬಂತು. ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಇಪ್ಪತ್ತಾರು ವರ್ಷ ಆ ಮಾತು ಕೇಳಿದವಳು ನಾನು, ನನ್ನಿಂದ ಅದನ್ನು ಹೇಳಲಾಗಲಿಲ್ಲ.

ಕೈ ಎತ್ತಿ ಒಳಗೆ, ದೂರದ ದೊಡ್ಡ ಬಂಡೆಯ ಬುಡ ತೋರಿಸಿದೆ.

"ಅಲ್ಲಿ. ಬಿಳಿ ಗೆರಿ ಐತಿ ನೋಡು, ಆ ಕಲ್ಲು."

ಗುಡ್ಡಿ ತಂತಿ ಹಿಡಿದು ನೋಡಿದಳು. ಅವಳ ಮೈಯ ಬಿಗಿ ಎಲ್ಲ ಒಮ್ಮೆಲೇ ಇಳಿಯಿತು. ಅಲ್ಲೇ ಕುಸಿದು ಕೂತು, ಮಗನ ಹೆಸರು ಹಿಡಿದು, ಆ ಕಲ್ಲನ್ನೇ ನೋಡುತ್ತಾ ಮಾತಾಡತೊಡಗಿದಳು. ಹನ್ನೊಂದು ದಿನದ ನನ್ನ ಮಗಳಿಗೆ ಹೆಸರು ಇಟ್ಟಿರಲಿಲ್ಲ. ಆ ಕಲ್ಲನ್ನು ಯಾರಾದರೂ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಈಗ ಅವಳು ದಿನಾ ಬರುತ್ತಾಳೆ. ಮೊದಲಿನಷ್ಟು ಅಳುವುದಿಲ್ಲ, ಊಟ ಮಾಡುತ್ತಾಳೆ, ಜಗಳಕ್ಕೂ ನಿಲ್ಲುತ್ತಾಳೆ. ಅವಳು ಇರುವಾಗ ನಾನು ಬಂಡೆಯ ಕಡೆ ಕಣ್ಣೆತ್ತುವುದಿಲ್ಲ, ನೋಡಿದರೆ ಮುಖ ಹೇಳಿಬಿಡುತ್ತದೆ. ಅವಳು ಮನೆಗೆ ಹೋದ ಮೇಲೆ ಹೋಗಿ, ತಂತಿಯ ಪಕ್ಕದ ಸಣ್ಣ ಕಲ್ಲಿನ ಹತ್ತಿರ ಕೂರುತ್ತೇನೆ. ಅವಳ ಮಗನ ಹತ್ತಿರವೂ ಯಾರಾದರೂ ಇರಬೇಕಲ್ಲ.